ಸಿಂಹಾಯಕ್ಕೆ ಎರಡಿಂಚು ಕಡಿಮೆ

ಮೊನ್ನೆ ಇಚಲಕರಂಜಿಯಿಂದ ಬಂದ ಮನೆಯ ನಕ್ಷೆಯೊಂದು ಚಿಕ್ಕೋಡಿಯ ನನ್ನ ಕಂಪ್ಯೂಟರಿನಲ್ಲಿ ಮೊದಲ ಸಲಕ್ಕೇ ತೆರೆದುಕೊಂಡಿತು. ನನಗೆ ಅನುಮಾನ ಶುರುವಾದದ್ದೇ ಅಲ್ಲಿ. ಬೇರೆ ಸಾಫ್ಟ್‌ವೇರಿನಿಂದ ಬಂದ ಫೈಲೆಂದರೆ ಹೊಸ ಬೀಗರಿದ್ದಂತೆ, ಏನಾದರೊಂದು ಕೊಂಕು ಇರಲೇಬೇಕು. ಇಂಚನ್ನು ಮಿಲಿಮೀಟರೆಂದು ಓದಿಕೊಂಡು ತಲೆಬಾಗಿಲು ಬೆಂಕಿಪೊಟ್ಟಣದಷ್ಟಾಗಿರಬೇಕು. ಇಲ್ಲವೇ ಮಿಲಿಮೀಟರನ್ನು ಮೀಟರೆಂದು ತಿಳಿದು 40 ಅಡಿಯ ಮನೆ 12 ಕಿಲೋಮೀಟರ್ ಬೆಳೆದು ನಿಪ್ಪಾಣಿ ರಸ್ತೆಯಲ್ಲಿ ಅರ್ಧ ದಾರಿ ಹೋಗಿ ಕೂತಿರಬೇಕು. ಇಂಥ ರೋಗಗಳಿಗೆ ನಾನು ಹೆದರುವವನಲ್ಲ. ತಪ್ಪು 12 ಪಟ್ಟೋ, 25.4 ಪಟ್ಟೋ, 1000 ಪಟ್ಟೋ ನೋಡಿದರೆ ಸಾಕು, ನಾಡಿ ಸಿಕ್ಕಂತೆ.

ಪಾಪ, ಗೆರೆಗೆ ತಾನು ಇಂಚೋ ಮೀಟರೋ ಗೊತ್ತಿರುವುದಿಲ್ಲ. ನಮ್ಮ ಸೀಮೆಯವರಿಗೆ ಅದನ್ನು ಬೈಯುವ ಬಾಯೂ ಇಲ್ಲ. ಉತಾರದಲ್ಲಿ ಎಕರೆ, ಗುಂಟೆ, ಆಣೆ. 33 ಅಡಿ ಚೌಕವೆಂದರೆ ಒಂದು ಗುಂಟೆ, ಅದರ ಹದಿನಾರನೆಯ ಪಾಲು ಒಂದು ಆಣೆ. ಕಚೇರಿಗೆ ಕೊಡುವ ಕಾಗದದಲ್ಲಿ ಮೀಟರು. ಗೌಂಡಿಗೆ ಫೂಟು, ಇಂಚು, ಸೂತ. ರಾಯಬಾಗದ ಕಡೆಯ ಹಿರಿಯರು ಇದೆಲ್ಲ ಬಿಟ್ಟು, 'ಎಷ್ಟ ಖಣ ಬರ್ತಾವ್ರೀ?' ಎಂದು ಅಂಕಣದ ಲೆಕ್ಕ ಕೇಳುತ್ತಾರೆ. ಅಂಗಡಿಯಲ್ಲಿ 'ಎರಡ ಬಾಯ್ ಎರಡ' ಎಂದು ಮಾರುವ ಟೈಲ್ಸು 600 ಮಿಲಿಮೀಟರಿನದು. ಎರಡು ಅಡಿಗೆ 9.6 ಮಿಲಿಮೀಟರು ಕಡಿಮೆ. 14 ಅಡಿಯ ಪಡಸಾಲೆಗೆ ಏಳೇ ಸಾಕೆಂದು ತಂದವನಿಗೆ ಕೊನೆಯಲ್ಲಿ ಎರಡೂವರೆ ಇಂಚಿಗೂ ಮಿಕ್ಕಿ ನೆಲ ಬಾಯಿ ತೆರೆದಿರುತ್ತದೆ. ಕಾಗವಾಡದ ಒಂದು ಮನೆಯಲ್ಲಿ ಈ ಪಟ್ಟಿಯನ್ನು ಮುಚ್ಚಲು ಮಾಲಕರು ಕಾಯಂ ಆಗಿ ಕಪಾಟು ಇಟ್ಟಿದ್ದಾರೆ.

ಒಮ್ಮೆ ಅಥಣಿಯಲ್ಲಿ ಚಪ್ಪಲಿ ಮಾಡುವ ಹಿರಿಯರೊಬ್ಬರು ನನ್ನ ಪಾದವನ್ನೇ ಕಾಗದದ ಮೇಲಿಡಿಸಿ ಸುತ್ತ ಪೆನ್ಸಿಲು ಆಡಿಸಿದರು. ಅಂಕಿಯಿಲ್ಲ, ಸ್ಕೇಲಿಲ್ಲ. ಅಂಥ ಚೊಕ್ಕ ನಕ್ಷೆ ನಾನು ಇನ್ನೊಂದು ನೋಡಿಲ್ಲ. ಅದರ ಮೇಲೆ ಯಾರಾದರೂ ಸುಳ್ಳು ಅಂಕಿ ಬರೆದರೂ ಚಪ್ಪಲಿ ಗೆರೆಯನ್ನೇ ನಂಬುತ್ತದೆ.

ಮನೆಗೆ ಆ ಭಾಗ್ಯವಿಲ್ಲ, ಗೌಂಡಿ ನಂಬುವುದು ಅಂಕಿಯನ್ನು. ಇಚಲಕರಂಜಿಯ ನಕ್ಷೆಯಲ್ಲಿ ಉದ್ದ 39 ಅಡಿ, ಅಗಲ 29 ಅಡಿ ಎಂದಿತ್ತು. ಒಳಗಿನ ಕೋಣೆ, ಗೋಡೆಗಳನ್ನು ಕೂಡಿಸಿದರೆ 28 ಅಡಿ 10 ಇಂಚು. ಕೂಡಿಸುವುದು ನನ್ನ ಚಟ, ಬಸ್ ಟಿಕೀಟಿನ ನಂಬರನ್ನೂ ಬಿಡುವುದಿಲ್ಲ. ಫೈಲನ್ನು ಡಿಎಕ್ಸ್‌ಎಫ್ ಎಂಬ ಅಕ್ಷರರೂಪಕ್ಕೆ ತಂದು ನೋಟ್‌ಪ್ಯಾಡಿನಲ್ಲಿ ತೆರೆದೆ. ಇದು ನನ್ನ ಪ್ರೀತಿಯ ಆಟ. ಅಲ್ಲಿ ಪ್ರತಿ ಅಳತೆಗೂ ಒಂದು ಜಾತಕ ಇರುತ್ತದೆ. 1 ಎಂಬ ಸಂಕೇತದ ಕೆಳಗೆ ಮನುಷ್ಯ ಕೈಯಾರೆ ಬರೆದ ಅಂಕಿ, 42ರ ಕೆಳಗೆ ಗೆರೆಯ ನಿಜವಾದ ಉದ್ದ. ಸಾಚಾ ಅಳತೆಯಾದರೆ 1ರ ಕೆಳಗೆ ಅಂಕಿಯೇ ಇರುವುದಿಲ್ಲ. ಇಲ್ಲಿ 1ರ ಕೆಳಗೆ 29 ಅಡಿ, 42ರ ಕೆಳಗೆ 346 ಇಂಚು. ಸುಳ್ಳೂ ಸತ್ಯವೂ ಒಂದೇ ಚಾಪೆಯ ಮೇಲೆ ಮಲಗಿದ್ದವು.

ಫೋನು ಮಾಡಿದೆ. ನಕ್ಷೆ ಬರೆದ ಹುಡುಗ ಚೂರೂ ನಾಚಲಿಲ್ಲ. 'ಕಾಕಾ, ಮಾಲಕರಿಗೆ ಸಿಂಹಾಯ ಬೇಕಾಗಿತ್ತರಿ. ಗೋಡಿ ಸರಸಾಕ ಜಾಗಾ ಇಲ್ಲ. ಅದಕ್ಕ ಅಂಕಿ ಅಷ್ಟ ಬದಲಿ ಮಾಡೇನಿ.'

ವಾಸ್ತುವಿನ ಆಯದ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಉದ್ದ ಅಗಲ ಗುಣಿಸಿ 8ರಿಂದ ಭಾಗಿಸು, ಉಳಿದದ್ದು 1 ಆದರೆ ಧ್ವಜ, 3 ಸಿಂಹ, 5 ವೃಷಭ, 7 ಗಜ. ಕೆಲವರು ಮೊದಲು 9ರಿಂದ ಗುಣಿಸಬೇಕೆಂದು ಹಟ ಹಿಡಿಯುತ್ತಾರೆ. ಗುಣಿಸಿದರೂ ಶೇಷ ಅದೇ ಬರುತ್ತದೆಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ನಮ್ಮ ಜನಪ್ರಿಯ 30×40 ಇದೆಯಲ್ಲ, ಅದರ ಶೇಷ ಸೊನ್ನೆ, ಅಂದರೆ ಕಾಕಾಯ. 29×39 ಮಾಡಿದರೆ 1131, ಶೇಷ 3, ಸಿಂಹ. ನಂಬುವವರು ನಂಬಲಿ, ನನ್ನ ಜಗಳ ಆಯದ ಜೊತೆಗಲ್ಲ. ಕಾಗದದ ಮೇಲೆ ಸಿಂಹವನ್ನು ಬರೆದು ನೆಲದ ಮೇಲೆ ಇನ್ನೇನನ್ನೋ ಕಟ್ಟಿಸುವವರ ಜೊತೆಗೆ. ಎರಡಿಂಚೆಂದರೆ 16 ಸೂತ. ಅದು ಎಲ್ಲಿಗೂ ಮಾಯವಾಗುವುದಿಲ್ಲ. ಗೌಂಡಿ 29 ಅಡಿಗೆ ದಾರ ಕಟ್ಟಿದರೆ ನೆರೆಮನೆಯವನ ಜಾಗಕ್ಕೆ ಕಾಲಿಡುತ್ತಾನೆ, ಒಳಗಿನಿಂದ ಅಳೆಯುತ್ತ ಹೋದರೆ ಕೊನೆಯಲ್ಲಿ ಎರಡಿಂಚು ಸಿಗದೆ ಬೈಗುಳ ತಿನ್ನುತ್ತಾನೆ. ತಿನ್ನುವವನು ಅವನು, ಅಂಕಿ ತಿದ್ದಿದವನಲ್ಲ. ಎಕ್ಸ್‌ಪ್ಲೋಡ್ ಒತ್ತಿ ಅಳತೆಯನ್ನು ಬರೀ ಗೆರೆ, ಅಕ್ಷರ ಮಾಡಿ ಕಳಿಸುವವರು ಇನ್ನೂ ದೊಡ್ಡವರು. ಅವರು 42ನ್ನೇ ಅಳಿಸಿಬಿಡುತ್ತಾರೆ, ಸಾಕ್ಷಿಯನ್ನೇ ಹೂತಂತೆ.

ಅಗಲವನ್ನು 27 ಅಡಿಗೆ ಇಳಿಸಿದೆ. 27×39 ಎಂದರೆ 1053, ಶೇಷ 5. ಪಕ್ಕದಲ್ಲಿ 22 ಇಂಚು ಉಳಿಯಿತು. ಮನೆಯ ಮಾಲಕರು, 'ಸಿಂಹ ಹೋತು, ಎತ್ತ ಬಂತು. ನಡೀತೈತಿ ಬಿಡ್ರಿ, ಸೈಕಲ್ ನಿಲ್ಲಸಾಕ ಜಾಗಾ ಆತು' ಎಂದರು.

ತಿದ್ದಿದ ಫೈಲನ್ನು ಹುಡುಗನಿಗೆ ಕಳಿಸುವಾಗ ಒಂದು ಉಪದೇಶವನ್ನೂ ಸೇರಿಸಿದೆ: ಎಂದೂ ಹೊಸ ಆವೃತ್ತಿಯಲ್ಲಿ ಉಳಿಸಿ ಕಳಿಸಬೇಡ, ನಕ್ಷೆಯ ಡಿಡಬ್ಲ್ಯುಜಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಆರು ಅಕ್ಷರ ನೋಡಿಕೋ, ಎಸಿ1015 ಎಂದಿದ್ದರೆ 2000ದ ರೂಪ, ಎಂಥ ಹಳೆಯ ಯಂತ್ರದಲ್ಲೂ ತೆರೆಯುತ್ತದೆ; ಎಸಿ1032 ಎಂದರೆ 2018ರದು, ಹಳಬರಿಗೆ ಬಾಗಿಲು ಬಂದ್.

ಹತ್ತು ನಿಮಿಷಕ್ಕೆ ಫೋನು ಬಂತು. 'ಕಾಕಾ, ಫೈಲ್ ತೆರೀವಲ್ದರಿ.'

ನೋಟ್‌ಪ್ಯಾಡಿನಲ್ಲಿ ನನ್ನದೇ ಫೈಲು ತೆರೆದೆ. ಎಸಿ1032.