ಕಾರಿನ ಹೊಟ್ಟೆಯೊಳಗಿನ ಹಂಡೆ

ಗುಮಾಸ್ತನಾದವನು ಕಾರು ಇಟ್ಟುಕೊಳ್ಳಬಾರದು. ಇಟ್ಟುಕೊಂಡರೂ ಹಳೆಯದನ್ನು ಇಟ್ಟುಕೊಳ್ಳಬಾರದು. ಈ ಎರಡು ತಪ್ಪನ್ನೂ ನಾವು ಒಟ್ಟಿಗೇ ಮಾಡಿದವರು. ಆರ್. ಕೆ. ಪುರಂನ ನಮ್ಮ ಸರಕಾರಿ ವಸತಿಯ ಮುಂದೆ, ಬೇವಿನ ಮರದಡಿ ನಿಲ್ಲುವ ನಮ್ಮ ಕಾರಿಗೆ ಈಗ 13 ವರ್ಷ. ಅದರ ಹೀಟರು ಬಿಸಿಯಾಗುವುದಿಲ್ಲವೆಂಬುದು ನಮಗೆ ಗೊತ್ತೇ ಇತ್ತು. ಕಚೇರಿಯಲ್ಲಿ ಕೆಲವು ಕಡತಗಳನ್ನು ಕಟ್ಟಿಡುವಂತೆ ಅದನ್ನೂ ಕಟ್ಟಿಟ್ಟಿದ್ದೆವು.

ತಂದೆಯವರು ತೀರಿಕೊಂಡ ಮೇಲೆ ತಿಪಟೂರಿನ ಮನೆಗೆ ಬೀಗ ಹಾಕಿ ಅಮ್ಮ ನಮ್ಮಲ್ಲಿಗೆ ಬಂದರು. ಅವರ ಮಂಡಿನೋವಿಗೆ ವಾರಕ್ಕೆ ಮೂರು ದಿನ ಬೆಳಿಗ್ಗೆ 7 ಗಂಟೆಗೆ ಆಸ್ಪತ್ರೆಯಲ್ಲಿರಬೇಕು. ಜನವರಿಯ ದೆಹಲಿಯಲ್ಲಿ ಆ ಹೊತ್ತಿಗೆ ಮಂಜು ಮುಸುಕಿ ಎದುರಿನ ಬಸ್ಸು ಕಾಣದು. ಅಮ್ಮ ಎರಡು ಶಾಲು ಹೊದ್ದು ಹಿಂದೆ ಕುಳಿತಿರುತ್ತಿದ್ದರು. ಒಂದು ದಿನವೂ ಚಳಿಯೆಂದು ಬಾಯಿಬಿಡಲಿಲ್ಲ. ಒಮ್ಮೆ ನಮ್ಮ ಮಗಳು, "ಅಪ್ಪಾ, ಅಜ್ಜಿ ಕಾಲು ಐಸಿನ ಹಾಗಿದೆ" ಎಂದಳು. ಅದೇ ಸಂಜೆ ಅಮ್ಮ, "ಸಂಕ್ರಾಂತಿಗೆ ಮುಂಚೆ ಊರಿಗೊಂದು ಟಿಕೆಟು ಮಾಡಿಸಿಬಿಡಪ್ಪ. ಒಬ್ಬಳೇ ಇರೋದು ನನಗೇನು ಹೊಸದಲ್ಲ" ಎಂದರು. ನಮ್ಮಾಕೆ ನಮ್ಮ ಮುಖ ನೋಡಿದಳು. ನಾವು ನೆಲ ನೋಡಿದೆವು.

ಚೆನ್ನೈಯಲ್ಲಿರುವ ನಮ್ಮ ಭಾವನವರಿಗೆ ಫೋನು ಮಾಡಿದರೆ, "ಕಾರಿಗೆ ಹೀಟರು ಬೇರೆ ಬೇಕೇ!" ಎಂದು ನಕ್ಕರು. ಅವರನ್ನು ಕೇಳಿದ್ದೇ ತಪ್ಪು.

ಮೊದಲು ನಮ್ಮ ಬುದ್ಧಿಯನ್ನೇ ಖರ್ಚುಮಾಡಿದೆವು. ಗಾಳಿ ಮಂದವಾಗಿ ಬರುತ್ತದೆಂದು ಧೂಳು ಹಿಡಿದಿದ್ದ ಗಾಳಿಯ ಫಿಲ್ಟರನ್ನು ಬದಲಾಯಿಸಿದೆವು. ಫಲವೇನೆಂದರೆ, ಮೊದಲು ಮೆಲ್ಲಗೆ ಬರುತ್ತಿದ್ದ ತಣ್ಣನೆಯ ಗಾಳಿ ಈಗ ಬಿರುಸಾಗಿ ಬರತೊಡಗಿತು!

ಕೊನೆಗೆ ಮಾರುಕಟ್ಟೆಯ ಹಿಂದಿನ ಮಿಸ್ತ್ರಿಯನ್ನು ಆಶ್ರಯಿಸಿದೆವು. ಕಾರಿನಲ್ಲಿ ಬೇರೆ ಒಲೆಯೇನೂ ಇಲ್ಲವಂತೆ. ಇಂಜಿನ್ನನ್ನು ತಂಪಾಗಿಡಲು ಹರಿಯುವ ನೀರು ಕಾದು, ಅದರಲ್ಲೊಂದು ಪಾಲು ಡ್ಯಾಷ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿನೊಳಗೆ ಸುತ್ತಿ ಬರುತ್ತದೆ. ಫ್ಯಾನು ಅದರ ಮೇಲೆ ಗಾಳಿಯನ್ನು ಊದುತ್ತದೆ. ಮಿಸ್ತ್ರಿ ನೀರಿನ ಮಟ್ಟ ನೋಡಿದ, ಗುಂಡಿ ತಿರುಗಿಸಿದಾಗ ತಂತಿ ಪೂರ್ತಿ ಎಳೆಯುತ್ತದೆಯೇ ನೋಡಿದ. ಇಂಜಿನ್ನು ಕಾದಾಗ ಮುಳ್ಳು ಎಂದಿನ ಜಾಗಕ್ಕೆ ಬಂದಿತು. ಕೆಳಗೇ ಉಳಿದಿದ್ದರೆ ಥರ್ಮೋಸ್ಟಾಟನ್ನು ಅನುಮಾನಿಸಬೇಕಿತ್ತಂತೆ. ಅನಂತರ ಹೀಟರಿಗೆ ಹೋಗುವ ಎರಡು ರಬ್ಬರು ಪೈಪುಗಳನ್ನು ಮುಟ್ಟಿನೋಡೆಂದ. ಒಂದು ಕೈ ಸುಡುವಷ್ಟು ಬಿಸಿ, ಇನ್ನೊಂದು ಉಗುರುಬೆಚ್ಚಗೆ. "ಒಳಗೆ ಕಟ್ಟಿಕೊಂಡಿದೆ, ಬಾಬೂಜಿ. ಯಾವ ನೀರು ಹಾಕುತ್ತೀರಿ?"

ನಮ್ಮ ಬಾಯಿ ಒಣಗಿತು. ಕೂಲೆಂಟಿಗೆ ಹಣ ಏಕೆ ದಂಡವೆಂದು ಬೇಸಗೆಯಲ್ಲೆಲ್ಲ ನಲ್ಲಿಯ ನೀರನ್ನೇ ಬಾಟಲಿಯಲ್ಲಿ ಹಿಡಿದು ಸುರಿದವರು ನಾವು!

ಮನೆಗೆ ಬಂದು ಹೇಳಿದಾಗ ಅಮ್ಮನಿಗೆ ನಮಗಿಂತ ಬೇಗ ಅರ್ಥವಾಯಿತು. ತಿಪಟೂರಿನ ಬಚ್ಚಲಲ್ಲಿ ತೆಂಗಿನ ಮಟ್ಟೆಯ ಉರಿ ಹಾಕಿ ಐವತ್ತು ವರ್ಷ ಹಂಡೆ ಕಾಯಿಸಿದವರು ಅವರು. "ಬೋರಿನ ನೀರು ಹಾಕಿದರೆ ಹಂಡೆ ತಳದಲ್ಲಿ ಸುಣ್ಣ ಕಟ್ಟೋದಿಲ್ಲವೇನೋ? ಹುಣಿಸೆಹಣ್ಣು ಹಾಕಿ ತಿಕ್ಕಬೇಕು" ಎಂದರು. ಹುಣಿಸೆಹಣ್ಣಿನ ಮಾತನ್ನು ಮಿಸ್ತ್ರಿಗೆ ತಿಳಿಸುವ ಧೈರ್ಯ ನಮಗಾಗಲಿಲ್ಲ.

ಭಾನುವಾರ, ಇಂಜಿನ್ನು ಪೂರ್ತಿ ಆರಿದ ಮೇಲೆಯೇ ಅವನು ಮುಚ್ಚಳ ತೆಗೆದ; ಬಿಸಿಯಿದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮೀತು. ಎರಡು ಪೈಪನ್ನೂ ಕಳಚಿ, ನೀರು ಹೊರಬರುವ ಬಾಯಿಂದಲೇ ಮೆಲ್ಲನೆ ನೀರು ಹಾಯಿಸಿದ. ರಭಸವಾಗಿ ಬಿಟ್ಟರೆ ಹಳೆಯ ರೇಡಿಯೇಟರು ಒಡೆದುಹೋದೀತೆಂದು ಅವನ ಭಯ. ಮೊದಲು ತೊಟ್ಟು ತೊಟ್ಟಾಗಿ, ಆಮೇಲೆ ದಬದಬನೆ ಕೆಸರುಗೆಂಪು ನೀರು ಬಂದಿತು. ನಮ್ಮ ಉಳಿತಾಯವೆಲ್ಲ ಚರಂಡಿಗೆ ಹರಿಯುವುದನ್ನು ಮುಕ್ಕಾಲು ಗಂಟೆ ನಿಂತು ನೋಡಿದೆವು. ನೀರು ತಿಳಿಯಾದ ಮೇಲೆ ಹೊಸ ಕೂಲೆಂಟು ತುಂಬಿ, ಮುಚ್ಚಳ ತೆಗೆದಿಟ್ಟೇ ಇಂಜಿನ್ನು ನಡೆಸಿ, ಪೈಪುಗಳನ್ನು ಹಿಚುಕಿ ಹಿಚುಕಿ ಒಳಗಿನ ಗಾಳಿಯ ಗುಳ್ಳೆಗಳನ್ನು ಹೊರಡಿಸಿದ. ಗಾಳಿ ನಿಂತರೂ ನೀರು ಸುತ್ತದಂತೆ. ಮುಂದೆ ಕಾರಿನೊಳಗೆ ಸಿಹಿ ವಾಸನೆ ಬಂದರೆ ಎಲ್ಲೋ ಸೋರುತ್ತಿದೆಯೆಂದು ತಿಳಿದು ಕೂಡಲೆ ಬರಬೇಕೆಂದೂ ಹೇಳಿದ. ಒಟ್ಟು ವೆಚ್ಚ 1,400 ರೂಪಾಯಿ.

ಸೋಮವಾರ ಬೆಳಿಗ್ಗೆ ಹತ್ತು ನಿಮಿಷ ನಾವು ಯಾರೂ ಮಾತಾಡಲಿಲ್ಲ. ಮೋತಿಬಾಗಿನ ಹತ್ತಿರ ಬರುವ ಹೊತ್ತಿಗೆ ಕಾಲಿನ ಬಳಿ ಬೆಚ್ಚನೆಯ ಗಾಳಿ ಹರಿಯಿತು. ಕನ್ನಡಿಯಲ್ಲಿ ನೋಡಿದರೆ ಅಮ್ಮ ಚಪ್ಪಲಿ ಕಳಚಿ, ಬಚ್ಚಲ ಒಲೆಯ ಮುಂದೆ ಚಾಚುವಂತೆ ಪಾದಗಳನ್ನು ಮುಂದಿನ ಸೀಟಿನ ಅಡಿಗೆ ಚಾಚಿದ್ದರು. ಒಂದು ಶಾಲು ಮಡಿಲಿಗೆ ಬಂದಿತ್ತು.

ಮರಳುವಾಗ ನಾವೇ ಕೇಳಿದೆವು, "ಅಮ್ಮ, ಆ ಟಿಕೆಟಿನ ವಿಚಾರ?"

"ಸ್ವಲ್ಪ ಕಡಿಮೆ ಮಾಡೋ ಇದನ್ನ, ಸೆಕೆ" ಎಂದರು ಅಮ್ಮ. ಸ್ವಲ್ಪ ದೂರ ಹೋದ ಮೇಲೆ, "ಯುಗಾದಿಗೆ ನೋಡೋಣ" ಎಂದರು.