ಒಂಬತ್ತರ ಲೆಕ್ಕ

ಚಿಮಣಿ ಎಣ್ಣೆ, ಗ್ರೀಸು, ಆಗಷ್ಟೇ ಹಂಚಿನಿಂದ ಇಳಿದ ಜೋಳದ ರೊಟ್ಟಿ. ಈ ಮೂರರ ವಾಸನೆ ಒಟ್ಟಿಗೆ ಮೂಗಿಗೆ ಬಂದರೆ, ಕ್ಯಾಲೆಂಡರಿನಲ್ಲಿ ಯಾವ ವಾರವೇ ಇರಲಿ, ನನಗೆ ಈಗಲೂ ಅದು ರವಿವಾರ. ನವಲಗುಂದದ ಆಚೆಗಿನ ನಮ್ಮ ಹಳ್ಳಿಯಲ್ಲಿ ರವಿವಾರ ಅಂದರೆ ಅಪ್ಪ ಬನಿಯನ್ನಿನ ಮೇಲೆ, ಹಳೇ ಧೋತರವನ್ನು ಮೊಳಕಾಲ ತನಕ ಎತ್ತಿ ಕಟ್ಟಿಕೊಂಡು, ಅಂಗಳದ ಬೇವಿನ ಗಿಡದ ಕೆಳಗೆ ನಿಂತ ಅಂಬಾಸಿಡರ್ ಕಾರಿನ ಬಾನೆಟ್ ಎತ್ತುವ ದಿನ. ಬಾನೆಟ್ ಕಿರ್ರ್ ಅಂದ ಸದ್ದಿಗೆ ಕೊಟ್ಟಿಗೆಯ ಎತ್ತುಗಳು ಕಿವಿ ನಿಮಿರಿಸಿ ಈ ಕಡೆ ನೋಡುತ್ತಿದ್ದವು, ಒಳಗೆ ಅವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು, ಪಾನಾಗಳ ಚೀಲ ಹೊತ್ತು ನಾನು ಓಡುತ್ತಿದ್ದೆ.

ಆ ಕಾರು ನಮ್ಮ ಮನೆಗೆ ಬಂದದ್ದು 1984ರಲ್ಲಿ, ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರ ಕೈಯಿಂದ. ಅದರ ಹಿಂದಿನ ಡಿಸೆಂಬರಿನಲ್ಲೇ ಮಾರುತಿ 800 ಬಂದಿತ್ತು. ಪೇಪರಿನಲ್ಲಿ ಅದರ ಚಿತ್ರ ನೋಡಿದ್ದ ಕಾಕಾ, "ಅಣ್ಣಾ, ಒಂದೆರಡು ವರ್ಷ ತಡದು ಹೊಸಾದ ತಗೋಳೋಣು" ಅಂದರೆ ಅಪ್ಪ ಒಪ್ಪಲಿಲ್ಲ. "ಅದು ಡಾಂಬರ ರಸ್ತಾದ ಕೂಸೋ. ನಮ್ಮ ಎರಿಯಾಗ ಎಮ್ಮೀನ ಬೇಕು" ಅಂದ.

ಎರೆ ಮಣ್ಣು ಕಂಡವರಿಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರಿಯುವ ಅದೇ ನೆಲ, ಒಂದು ಹದ ಮಳೆ ಬಿದ್ದರೆ ಅಂಟಾಗಿ ಚಪ್ಪಲಿ ಬಿಡಿಸಿಕೊಳ್ಳುತ್ತದೆ. ಮಡ್ಗಾರ್ಡಿಗೂ ಗಾಲಿಗೂ ನಡುವೆ ತುಂಬಿಕೊಂಡು, ಗಾಲಿ ತಿರುಗುವುದೇ ನಿಂತು, ಕಾರು ಮೊಂಡು ಎತ್ತಿನ ಹಾಗೆ ಅಲ್ಲೇ ಕೂತುಬಿಡುತ್ತದೆ. ಆಗ ಕುರ್ಪಿ ಹಿಡಿದು ಒಂದೊಂದೇ ಗಾಲಿಯ ಮಣ್ಣು ಕೆತ್ತಬೇಕು, ಹತ್ತು ಮಾರು ಹೋಗಬೇಕು, ಮತ್ತೆ ಕೆತ್ತಬೇಕು. ಬೆಣ್ಣಿಹಳ್ಳಕ್ಕೆ ನೀರು ಬಂತೆಂದರೆ ಅದೂ ಇಲ್ಲ, ರಸ್ತೆಯೇ ಬಂದ್. ಹೀಗಾಗಿ ಮಳೆಗಾಲವಿಡೀ ಕಾರು ಅಂಗಳ ಬಿಟ್ಟು ಕದಲುತ್ತಿರಲಿಲ್ಲ, ಅಪ್ಪನಿಗೆ ಅದರ ಮೈ ತಿಕ್ಕಲು, ಕೀಲುಕೀಲಿಗೆ ಗ್ರೀಸು ಹೊಡೆಯಲು, ಬಿಚ್ಚಿ ಕೂಡಿಸಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತ ಬೆಳೆದ ಕೈ ಅದು. ಕಾರಿಗೆ ಮಾಡುವ ಆರೈಕೆ ಬೇರೆ, ಎತ್ತಿಗೆ ಮಾಡುವುದು ಬೇರೆ ಅಂತ ಅವನಿಗೆ ಎಂದೂ ಅನ್ನಿಸಿರಲಿಕ್ಕಿಲ್ಲ. ಕಾರ ಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಬಣ್ಣ ಬಳಿದು ಉಳಿದದ್ದರಲ್ಲಿ ಕಾರಿನ ಗಾಲಿಯ ನಡುವೆಯೂ ಒಂದೊಂದು ಬೊಟ್ಟು ಇಡುತ್ತಿದ್ದ.

ಮನೆಯ ಅಡುಗೆಮನೆಯೇ ಅರ್ಧ ಗ್ಯಾರೇಜು. ರೇಡಿಯೇಟರ್ ಸಣ್ಣಗೆ ಸೋರಿದರೆ ಅದಕ್ಕೊಂದು ಹಿಡಿ ಅರಿಷಿಣ ಪುಡಿ, ಪೆಟ್ರೋಲ್ ಟ್ಯಾಂಕ್ ಜಿನುಗಿದರೆ ಬಟ್ಟೆ ಒಗೆಯುವ ಸಾಬೂನನ್ನು ನಾದಿ ಒತ್ತಿದರೆ ಹುಬ್ಬಳ್ಳಿಗೆ ಹೋಗಿ ಬರುವ ತನಕ ಚಿಂತೆ ಇಲ್ಲ. ಆದರೆ ಮನೆ ತುಂಬ ಹತ್ತಿ ಅಂಡಿಗೆ ಬಿದ್ದಿದ್ದರೂ ಕಾರ್ಬೋರೇಟರ್ ಒರೆಸಲು ಒಂದೆಳೆ ಹತ್ತಿ ಮುಟ್ಟಿಸುತ್ತಿರಲಿಲ್ಲ. ಒಂದು ಎಳೆ ಜೆಟ್‌ನೊಳಗೆ ಹೋದರೂ ಸಾಕು, ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಅದಕ್ಕೆ ತೊಳೆದು ತೊಳೆದು ಮೆತ್ತಗಾದ ಧೋತರದ ಅರಿವಿಯೇ ಆಗಬೇಕು.

ಅಕ್ಕನ ಚೊಚ್ಚಲ ಬಾಣಂತನಕ್ಕೆ ಕಲಘಟಗಿಗೆ ಹೋಗಿ ತೊಟ್ಟಿಲು ತಂದದ್ದು ನೆನಪಾಗುತ್ತದೆ. ಅರಗಿನ ಬಣ್ಣದಲ್ಲಿ ಕೆಂಪಗೆ, ಹಳದಿಯಾಗಿ ಮಿಂಚುವ ಆ ತೊಟ್ಟಿಲನ್ನು ಕಾರಿನ ಕ್ಯಾರಿಯರ್ ಮೇಲೆ ಹಗ್ಗ ಬಿಗಿದು ಕಟ್ಟಿದ್ದೆವು. ಏಪ್ರಿಲ್ಲಿನ ಉರಿಬಿಸಿಲು. ಹುಬ್ಬಳ್ಳಿ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಕಾರು ಬಿಕ್ಕಿ ಬಿಕ್ಕಿ ನಿಂತೇಬಿಟ್ಟಿತು. ಬಿಸಿಲಿಗೆ ಪಂಪಿನೊಳಗೆ ಪೆಟ್ರೋಲು ಆವಿಯಾಗಿ ಮುಂದೆ ಹರಿಯುವುದೇ ನಿಲ್ಲುವ ರೋಗ ಅದು, ಆ ಕಾಲದ ಕಾರುಗಳಿಗೆಲ್ಲ ಇದ್ದದ್ದೇ. ಅವ್ವ ಮಾತಾಡದೆ ತನ್ನ ಗಂಟು ಬಿಚ್ಚಿದಳು. ಕೂಸಿಗೆ ಹಾಸಲು ಅಂತ ಎತ್ತಿಟ್ಟಿದ್ದ ಮೆತ್ತನೆಯ ಅರಿವಿಯೊಂದನ್ನು ಕೊಡದ ನೀರಲ್ಲಿ ಅದ್ದಿ ಹಿಂಡಿ ಕೊಟ್ಟಳು. ಅಪ್ಪ ಅದನ್ನು ಪಂಪಿನ ಮೇಲೆ ಸುತ್ತಿ, ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ ಮೇಲಿಂದ ಮೇಲೆ ಮುಟ್ಟಿ ನೋಡುತ್ತ ನಿಂತ. ಕಾಲು ತಾಸಿಗೆ ಕಾರು ಎದ್ದಿತು. ಅಕ್ಕನ ಮಗಳು ಆ ತೊಟ್ಟಿಲಿನಲ್ಲೇ ಬೆಳೆದಳು.

ಇಷ್ಟೆಲ್ಲದರಲ್ಲಿ ನಾನು ಬಲು ಆಸೆಯಿಂದ ಕಾಯುತ್ತಿದ್ದದ್ದು ಟ್ಯಾಪೆಟ್ ಕೂಡಿಸುವ ರವಿವಾರಕ್ಕೆ. ನಮ್ಮದು 1489 ಸಿಸಿಯ ಪೆಟ್ರೋಲ್ ಎಂಜಿನ್ನು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ವಂಶ. ನಾಲ್ಕು ಸಿಲಿಂಡರ್, ಸಿಲಿಂಡರಿಗೆ ಎರಡರಂತೆ ಎಂಟು ವಾಲ್ವ್. ಪ್ಲಗ್ ನಾಲ್ಕೂ ಬಿಚ್ಚಿ, ಮೇಲಿನ ಮುಚ್ಚಳ ತೆಗೆದರೆ ಎಂಟು ರಾಕರ್‌ಗಳು ಎಣ್ಣೆಯಲ್ಲಿ ಮಿಂದು ಸಾಲಾಗಿ ಮಲಗಿರುತ್ತಿದ್ದವು. ಅಪ್ಪ ಮುಂದೆ ಕೂತು ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುವುತ್ತಿದ್ದ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು. ಎದುರು ಬದಿಗೆ ಸುತ್ತಿ ಹಿಡಿದವರ ಹೆಬ್ಬೆರಳನ್ನು, ಸ್ಟಾರ್ಟ್ ಮಾಡುವಾಗ ಹಿಂದಕ್ಕೆ ಒದ್ದ ಹ್ಯಾಂಡಲ್ ಮುರಿದದ್ದಿದೆ. ಅಪ್ಪ ನನಗೆ ಅಕ್ಷರಕ್ಕಿಂತ ಮೊದಲು ತೀಡಿಸಿದ್ದು ಈ ಹಿಡಿತವನ್ನು.

ನನ್ನ ಕೆಲಸ ರಾಕರ್‌ಗಳನ್ನು ಕಾಯುವುದು. ಯಾವುದೋ ಒಂದು ಕೆಳಗೆ ಪೂರ್ತಿ ಒತ್ತಿಕೊಂಡಾಗ ಕೂಗಬೇಕು.

"ಎರಡು ಒತ್ತೇತಪಾ!"

"ಹಂಗಾರ ಬಿಡುವು ಯಾವುದಕ್ಕ ಐತಿ?"

"ಏಳಕ್ಕ!"

ಲೆಕ್ಕ ಬಲು ಸರಳ. ಎರಡೂ ಕೂಡಿ ಒಂಬತ್ತಾಗಬೇಕು. ಒಂದು ಒತ್ತಿದರೆ ಎಂಟನ್ನು ನೋಡಬೇಕು, ಮೂರು ಒತ್ತಿದರೆ ಆರನ್ನು, ಐದಾದರೆ ನಾಲ್ಕನ್ನು. ಅಪ್ಪ ಎದ್ದು ಬಂದು ಪಾನಾದಿಂದ ನಟ್ಟು ಸಡಿಲಿಸಿ ಸ್ಕ್ರೂ ಮೇಲೆ ಕೈ ಇಟ್ಟರೆ, ನಾನು ಫಿಲ್ಲರ್ ಗೇಜಿನಿಂದ 15 ಅಂತ ಬರೆದ ಪಟ್ಟಿಯನ್ನು ಬಿಡಿಸಿ ರಾಕರ್ ಮತ್ತು ವಾಲ್ವ್ ನಡುವೆ ತೂರಿಸುತ್ತಿದ್ದೆ. ಒಂದು ಇಂಚಿನಲ್ಲಿ ಸಾವಿರ ಪಾಲು ಮಾಡಿ ಅದರಲ್ಲಿ ಹದಿನೈದು ಪಾಲು, ಅಷ್ಟೇ ಸಂದು ಇರಬೇಕು. ಪಟ್ಟಿ ಬಿಗಿ ಹಿಡಿಯಬಾರದು, ಸಡಿಲವೂ ಆಡಬಾರದು. "ಹೆಂಗ ಇರಬೇಕಪಾ?" ಅಂತ ಮೊದಲ ಸಲ ಕೇಳಿದಾಗ ಅಪ್ಪ ಅಡುಗೆಮನೆಯ ಕಡೆ ಕೈ ತೋರಿಸಿದ. "ಬೆಂದ ರೊಟ್ಟಿ ಹಂಚು ಬಿಡತೈತಲ್ಲ ತಮ್ಮಾ, ಹಿಡದೂ ಹಿಡೀಧಂಗ, ಹಂಗ." ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಟ್ಯಾಪೆಟ್ ಸಡಿಲಾದ ಎಂಜಿನ್ನೂ ಹಾಗೇ ಟಪಟಪ ಬಡಿಯುತ್ತದೆ. ನಾವು ಕೆಲಸ ಮುಗಿಸಿ ಕಾರು ಚಾಲೂ ಮಾಡಿದಾಗ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಕಿವಿಗೊಟ್ಟು, "ಈಗ ಅದರ ರೊಟ್ಟಿ ಮುಗದೂವು, ನೀವೂ ಕೈ ತೊಳಕೊಂಡು ಬರ್ರಿ" ಅನ್ನುತ್ತಿದ್ದಳು.

ಅಪ್ಪನ ಕಿವಿ ಸಂಗೀತದ ಕಿವಿ. ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ತಮ್ಮ ಗುರುವಿಗೆ ಹಾಡುತ್ತಿದ್ದ ಕಾಲ. ಕೇಳಲು ಹೋದ ಅಪ್ಪ ಬೆಳಗಾದ ಮೇಲೆಯೇ ಮನೆಗೆ ಬರುತ್ತಿದ್ದ, ಕಣ್ಣು ಕೆಂಪಗಾಗಿ, ತುಟಿಯಲ್ಲಿ ಏನನ್ನೋ ಗುನುಗುತ್ತ. ಆಮೇಲಿನ ರವಿವಾರ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಇನ್ನೊಂದು ಕೈಯಲ್ಲಿ ಕಾರ್ಬೋರೇಟರಿನ ಸ್ಲೋ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುವುತ್ತ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎಂಜಿನ್ನಿನ ಸದ್ದು ಮೆಲ್ಲಗೆ ಒಂದು ನೆಲೆಗೆ ಬಂದು ಕೂತಾಗ, "ಷಡ್ಜ ಸಿಕ್ತು" ಅಂತ ತನಗೆ ತಾನೇ ಹೇಳಿಕೊಂಡು ಕಣ್ಣು ತೆರೆಯುತ್ತಿದ್ದ.

2014ರ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾರಾದ ಹಿಂದುಸ್ತಾನ್ ಮೋಟರ್ಸ್ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿತು. ಪೇಪರಿನ ಆ ತುಂಡನ್ನು ಅಪ್ಪ ಕತ್ತರಿಸಿ ಕಾರಿನ ಕಾಗದಪತ್ರದ ಚೀಲದಲ್ಲಿಟ್ಟ. ಎರಡು ವರ್ಷಕ್ಕೆ ಅವನೂ ಹೋದ. ನಾನಿದ್ದದ್ದು ಹುಬ್ಬಳ್ಳಿಯಲ್ಲಿ. ತಿಂಗಳಿಗೊಮ್ಮೆ ಹೋದಾಗ ಸ್ಟಾರ್ಟ್ ಮಾಡುತ್ತಿದ್ದೆ, ಆಮೇಲೆ ಯುಗಾದಿ ದೀಪಾವಳಿಗೆ, ಆಮೇಲೆ ಅದೂ ಇಲ್ಲ. ಬಾನೆಟ್ಟಿನ ಮೇಲೆ ಬೇವಿನ ಹೂ ಬಿದ್ದು ಕೊಳೆತು ಕಲೆಯಾಯಿತು, ಸೀಟಿನ ನಾರಿನಲ್ಲಿ ಇಲಿ ಮರಿ ಹಾಕಿತು. 2022ರ ಏಪ್ರಿಲ್‌ನಿಂದ ಹಳೇ ಕಾರಿನ ರಿಜಿಸ್ಟ್ರೇಶನ್ ಮುಂದುವರಿಸುವ ಫೀ 600 ರೂಪಾಯಿಯಿಂದ 5000ಕ್ಕೆ ಏರಿತು. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ವರ್ಷ ವರ್ಷ ಹೆಚ್ಚಿ ಈಗ ನೂರಕ್ಕೆ 20 ಪಾಲಾಗಿದೆ, ಆ ಕಾಲದ ರಬ್ಬರ್ ಪೈಪು, ಪಂಪಿನ ಪೊರೆ ಅದನ್ನು ತಾಳುವುದಿಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಫೀ ಕಟ್ಟಬಹುದಿತ್ತು, ಪೈಪು ಬದಲಿಸಬಹುದಿತ್ತು. ಎದುರಿಗೆ ಕೂತು ಹ್ಯಾಂಡಲ್ ತಿರುವುವವರು ಇರಲಿಲ್ಲ.

ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಒಯ್ದರು. ಅವ್ವ ಹೊರಗೆ ಬರಲಿಲ್ಲ. ಮರುದಿನ ಎಣ್ಣೆ ಕುಡಿದು ಕಪ್ಪಾಗಿದ್ದ ಜಾಗದ ಮೇಲೆ ಸೆಗಣಿ ಸಾರಿಸಿದಳು. ಮಳೆ ಬಂದಾಗೊಮ್ಮೆ ಆ ಕಲೆ ಮತ್ತೆ ಮೇಲೆದ್ದು, ನೀರಿನಲ್ಲಿ ನವಿಲುಬಣ್ಣ ಬಿಡುತ್ತದೆ.

ಈಗಿನ ನನ್ನ ಕಾರು ಒಳ್ಳೆಯ ಕಾರು, ಅದಕ್ಕೆ ನಾನು ಹೆಸರಿಡಲಾರೆ. ಹ್ಯಾಂಡಲ್ ಬೇಡ, ಹಸಿ ಅರಿವಿ ಬೇಡ, ಎರೆ ರಸ್ತೆಗೂ ಈಗ ಡಾಂಬರು ಬಂದಿದೆ. ಸರ್ವಿಸಿಗೆ ಬಿಟ್ಟರೆ ಗಾಜಿನ ಈಚೆ ಕೂಡಿಸಿ ಚಹಾ ಕೊಡುತ್ತಾರೆ. ಆಚೆ ಹುಡುಗನೊಬ್ಬ ವೈರು ಚುಚ್ಚಿ ಲ್ಯಾಪ್‌ಟಾಪಿನಲ್ಲಿ ಅದರ ಕಾಯಿಲೆ ಓದುತ್ತಾನೆ. ಮೊನ್ನೆ ಆಯುಧಪೂಜೆಗೆ ಕಾರು ತೊಳೆಯುವಾಗ ಮಗಳು, "ಒಳಗ ಏನೈತಪಾ, ತೋರಿಸು" ಅಂದಳು. ಬಾನೆಟ್ ಎತ್ತಿದೆ. ಕಪ್ಪನೆಯ ಪ್ಲಾಸ್ಟಿಕ್ಕಿನ ಮುಚ್ಚಳ, ಅದರ ಮೇಲೆ ಕಂಪನಿಯ ಹೆಸರು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿ ಬಾನೆಟ್ ಇಳಿಸಿದೆವು.

ಪೂಜೆಗೆ ಅಪ್ಪನ ಪಾನಾಗಳನ್ನು ಇಟ್ಟಿದ್ದೆ, ಜೊತೆಗೆ ಫಿಲ್ಲರ್ ಗೇಜನ್ನೂ. ಕುಂಕುಮ ಹಚ್ಚಲು ಮಗಳು ಅದರ ಪಟ್ಟಿಗಳನ್ನು ಬೀಸಣಿಗೆಯ ಹಾಗೆ ಬಿಡಿಸಿದಳು. ಉಳಿದವುಗಳ ಮೇಲೆ ಅಂಕಿ ಇನ್ನೂ ಸ್ಪಷ್ಟವಾಗಿದೆ. ಹದಿನೈದರ ಪಟ್ಟಿಯದು ಮಾತ್ರ ಬೆರಳು ತಾಗಿ ತಾಗಿ ಅಳಿಸಿಹೋಗಿದೆ.