ತುಮಕೂರಿನ ಬಡಗಣ ಕೆರೆಗಳು

ತುಮಕೂರಿನಿಂದ ಉತ್ತರಕ್ಕೆ ಹೊರಟ ಪ್ರವಾಸಿಗೆ ಮೊದಲು ಎದುರಾಗುವುದು ಬೆಟ್ಟಗಳ ನಡುವಿನ ಕೊರಟಗೆರೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಈ ಸೀಮೆಯನ್ನು ಹಾದು, ಮಧುಗಿರಿಯ ನೆಲವನ್ನು ದಾಟಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಮಧುಗಿರಿಯಲ್ಲಿ 3,930 ಅಡಿ ಎತ್ತರದ ಏಕಶಿಲೆಯ ದುರ್ಗ. ಪಡುವಣ ಶಿರಾದಲ್ಲಿ ಮಲಿಕ್ ರಿಹಾನನ ಗೋರಿ. ಬಡಗಣ ಪಾವಗಡದಲ್ಲಿ ಬಿಸಿಲೇ ಬೆಳೆ, ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ ಸೌರಫಲಕಗಳು ಹರಡಿವೆ. ನಾಲ್ಕು ತಾಲ್ಲೂಕುಗಳಿಗೂ ಸಮಾನವಾದುದು ಮಳೆಯ ಕೊರತೆ. ಊರಿನ ಬಾಳು ಕೆರೆಯೊಡನೆಯೇ ಬೆಳೆದುಬಂದಿತು.

ಶಿರಾದ ಬಳಿಯ ಕಗ್ಗಲಡುವಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ, ಸುತ್ತಲ ಕೆರೆಗಳಲ್ಲಿ ಮೀನು ಹಿಡಿಯುತ್ತವೆ. ಕೆರೆಗೆ ಬರುವುದು ಹಕ್ಕಿಯೊಂದೇ ಅಲ್ಲ. ದನಕರು ಇಳಿಯುತ್ತವೆ, ಊರ ಬಚ್ಚಲ ನೀರೂ ಸೇರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳಿಗೆ ಕೆರೆಯೆಂದರೆ ದೊಡ್ಡ ಸಂತೆ. ಅಲ್ಲಿ ಅವು ತಮ್ಮ ಗುಣಗಳನ್ನು, ಬೇರೆ ಜಾತಿಯವುಗಳೊಡನೆ ಕೂಡ, ಕೊಟ್ಟು ಕೊಳ್ಳುತ್ತವೆ. ಔಷಧಕ್ಕೆ ಮಣಿಯದ ಗುಣವೂ ಹೀಗೆಯೇ ಕೈ ಬದಲಾಯಿಸುತ್ತದೆ.

ಈ ಗುಣ ಹೊಸದೇನಲ್ಲ. 1943ರಲ್ಲಿ ಅಮೆರಿಕದಲ್ಲಿ ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಷಾಟ್ಸ್ ಮಣ್ಣಿನ ಜೀವಿಯೊಂದರಿಂದಲೇ ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಪಡೆದರು. ಅಸ್ತ್ರವನ್ನು ಮಾಡಿದ ಮಣ್ಣು ಗುರಾಣಿಯನ್ನೂ ಮಾಡಿತ್ತು. ಕೆನಡಾದ ಯೂಕಾನ್ ಪ್ರಾಂತದ 30,000 ವರ್ಷ ಹಳೆಯ ಹಿಮನೆಲದಲ್ಲಿ ಇಂಥ ನಿರೋಧದ ಜೀನುಗಳಿದ್ದುವೆಂದು 2011ರಲ್ಲಿ ಪ್ರಕಟವಾಯಿತು.

ಮನುಷ್ಯನ ದೆಸೆಯಿಂದ ಹಬ್ಬುತ್ತಿರುವ ನಿರೋಧದ ಕಥೆ ಬೇರೆ. ಕೊನೆಯ ಆಸರೆಯೆನಿಸಿದ ಔಷಧಗಳನ್ನೂ ನಿಷ್ಫಲಗೊಳಿಸುವ ಎನ್.ಡಿ.ಎಂ.-1 ಎಂಬ ಜೀನು, ನವದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದ ಸ್ವೀಡನ್ನಿನ ರೋಗಿಯೊಬ್ಬನಲ್ಲಿ 2008ರಲ್ಲಿ ಪತ್ತೆಯಾಯಿತು. 2011ರ ವರದಿಯಂತೆ ಅದು ದೆಹಲಿಯ ನಿಂತ ನೀರಿನಲ್ಲಿಯೂ ಕೆಲವು ನಲ್ಲಿಗಳಲ್ಲಿಯೂ ಇತ್ತು. 2019ರಲ್ಲಿ ಉತ್ತರಧ್ರುವದ ಸಮೀಪದ ಸ್ವಾಲ್‌ಬಾರ್ಡಿನ ಮಣ್ಣಿನಲ್ಲಿಯೂ ಇದೆಯೆಂದು ತಿಳಿದುಬಂದಿತು! ಹಕ್ಕಿಗಳೋ ಪ್ರವಾಸಿಗಳೋ ಒಯ್ದಿರಬೇಕೆಂದು ವಿಜ್ಞಾನಿಗಳ ಊಹೆ. ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರವಿರುವುದೂ ಆ ದ್ವೀಪಸಮೂಹದಲ್ಲಿಯೇ.

ಹಿಮದ ನಾಡನ್ನು ಮುಟ್ಟಿದ ಪಿಡುಗಿಗೆ ಪಾವಗಡದ ಕೆರೆ ದೂರವೆ? ಬೇಸಗೆಯಲ್ಲಿ ನೀರು ಇಂಗಿದಂತೆಲ್ಲ ಉಳಿದ ಮಡುವಿನಲ್ಲಿ ಕೊಳೆ ಗಾಢವಾಗುತ್ತದೆ. ಊರ ಚರಂಡಿಯನ್ನು ಕೆರೆಗೆ ತಿರುಗಿಸದಿರುವುದು ಊರಿನವರ ಕೆಲಸ. ವೈದ್ಯರ ಚೀಟಿಯಿಲ್ಲದೆ ಮಾತ್ರೆ ನುಂಗದಿರುವುದು, ಮಿಕ್ಕ ಮಾತ್ರೆಯನ್ನು ಬಚ್ಚಲಿಗೆ ಸುರಿಯದಿರುವುದು ಮನೆಮನೆಯ ಕೆಲಸ. ನಾಳೆ ಮಗುವಿಗೆ ಜ್ವರ ಬಂದಾಗ ಮದ್ದು ಮದ್ದಾಗಿಯೇ ಉಳಿದಿರಬೇಕಾದರೆ, ಕಾಯಬೇಕಾದುದು ಮದ್ದಿನ ಪೆಟ್ಟಿಗೆಯನ್ನಷ್ಟೇ ಅಲ್ಲ, ಕೆರೆಯ ನೀರನ್ನೂ ಕೂಡ.